ಇಳಿಯೋದು ಅಂದ್ರೆ ಸುಮ್ನೆ ಅಲ್ಲ

ಐಸ್ ಅಂದ್ರೆ ನಮ್ಮ ಬಸವೇಶ್ವರನಗರದ ಮಟ್ಟಿಗೆ ಫ್ರಿಜ್ಜಿನ ಮೇಲಿನ ಖಾನೆ, ಇಲ್ಲಾಂದ್ರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟುಕೊಳ್ಳೋ ಗಡ್ಡೆ. ಹಿಮ ನೋಡಬೇಕು ಅಂದ್ರೆ ಕುಲು-ಮನಾಲಿ ಪ್ಯಾಕೇಜ್ ಟೂರೇ ಗತಿ. ಅಂಥಾದ್ರಲ್ಲಿ ಇವತ್ತು ನಾರ್ವೆಯ ಒಬ್ಬ ಸ್ಕೀ ಪಟುವಿನ ಬಗ್ಗೆ ಬರೀತಿದೀನಿ. ಕ್ರಿಕೆಟ್ ಬಿಟ್ಟು ಇದೆಲ್ಲಿಗೆ ಹೋದ ಇವನು ಅಂತ ಬೈಕೋಬೇಡಿ, ಪೂರ್ತಿ ಓದಿ ಆಮೇಲೆ ಬೈಯಿರಿ :-)

ಅವನ ಹೆಸರು ಆಕ್ಸೆಲ್ ಲುಂಡ್ ಸ್ವಿಂಡಾಲ್. ಹುಟ್ಟಿದ್ದು 1982ರ ಡಿಸೆಂಬರ್ 26. ಅವನ ಆಟ ಆಲ್ಪೈನ್ ಸ್ಕೀಯಿಂಗ್, ಅಂದ್ರೆ ಬೆಟ್ಟದ ಮೇಲಿಂದ ಹಿಮದಲ್ಲಿ ಜಾರಿಕೊಂಡು ಕೆಳಗೆ ಬರೋದು. ಅದರಲ್ಲಿ ತುಂಬಾ ವೇಗದ್ದು 'ಡೌನ್‌ಹಿಲ್'. ಗಂಟೆಗೆ 120-130 ಕಿ.ಮೀ. ಮಾಮೂಲು. ನೈಸ್ ರೋಡಲ್ಲಿ ಕೆಂಗೇರಿ ಕಡೆ ಕಾರಲ್ಲಿ ಹೋಗುವಾಗಲೂ ಆ ಸ್ಪೀಡಿಗೆ ಎದೆ ಡವಡವ ಅನ್ನುತ್ತೆ. ಇವರಿಗೆ ಕಾರೂ ಇಲ್ಲ, ಸೀಟ್ ಬೆಲ್ಟೂ ಇಲ್ಲ. ಎರಡು ಪಟ್ಟಿ, ಒಂದು ಹೆಲ್ಮೆಟ್ಟು, ಮೈಗಂಟಿದ ಒಂದು ಸೂಟು. ಅಷ್ಟೇ!

ನಾರ್ವೆಯ ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಅಲ್ಲಿಂದ ಬಂದ ಸ್ವಿಂಡಾಲ್ 2007ರಲ್ಲಿ ವರ್ಲ್ಡ್ ಕಪ್ ಒಟ್ಟಾರೆ ಪ್ರಶಸ್ತಿ ಗೆದ್ದ. ಅದೇ ವರ್ಷ ಸ್ವೀಡನ್ನಿನ ಓರೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಚಿನ್ನ. ವಯಸ್ಸು ಇಪ್ಪತ್ನಾಲ್ಕು. ಇನ್ನೇನು ಬೇಕು ಹೇಳಿ?

ಆಮೇಲೆ ಬಂತು 2007ರ ನವೆಂಬರ್. ಅಮೆರಿಕದ ಕೊಲೊರಾಡೋದಲ್ಲಿ ಬೀವರ್ ಕ್ರೀಕ್ ಅಂತ ಒಂದು ಜಾಗ. ರೇಸೂ ಅಲ್ಲ, ಡೌನ್‌ಹಿಲ್ ಪ್ರಾಕ್ಟೀಸು. ಒಂದು ದೊಡ್ಡ ಜಂಪಿನಲ್ಲಿ ಹಿಡಿತ ತಪ್ಪಿ ಗಾಳಿಯಲ್ಲೇ ತಿರುಗಿ ಕೆಳಗೆ ಅಪ್ಪಳಿಸಿದ. ಮೂಗು, ಮುಖದ ಮೂಳೆಗಳು ಮುರಿದವು. ಸ್ಕೀ ಪಟ್ಟಿಯ ಅಂಚು ಚಾಕು ಇದ್ದ ಹಾಗೆ ಇರುತ್ತೆ, ಅದು ಸೊಂಟದ ಕೆಳಗೆ ಸುಮಾರು 15 ಸೆಂ.ಮೀ. ಉದ್ದಕ್ಕೆ ಆಳವಾಗಿ ಸೀಳಿಬಿಟ್ಟಿತ್ತು. ಆ ಸೀಸನ್ ಪೂರ್ತಿ ಹೋಯಿತು.

ಇಲ್ಲಿಂದ ನಮ್ಮ ಮನೆ ಕಥೆ ಸ್ವಲ್ಪ ಹೇಳ್ತೀನಿ, ಸಂಬಂಧ ಇದೆ.

ನಮ್ಮಮ್ಮ ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿಗೆ ಆಪರೇಷನ್ ಆಯ್ತು. ನಾವಿರೋದು ಮೊದಲನೇ ಮಹಡಿ, ಹದಿನೆಂಟು ಮೆಟ್ಟಿಲು. ಆಪರೇಷನ್ ಚೆನ್ನಾಗೇ ಆಯ್ತು. ಫಿಸಿಯೋಥೆರಪಿಗೆ ಬರ್ತಿದ್ದ ಹುಡುಗಿ ಚೆಂದ ಹೇಳಿಕೊಟ್ಟಳು, "ಆಂಟಿ, ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು" ಅಂತ. ಅಮ್ಮ ಮನೆಯೊಳಗೆ ಓಡಾಡೋಕೆ ಶುರು ಮಾಡಿದ್ರು, ಅಡುಗೆಮನೆಗೂ ಬಂದ್ರು. ಆದ್ರೆ ಮೆಟ್ಟಿಲ ಹತ್ರ ಬಂದ್ರೆ ಮಾತ್ರ ಕಂಬಿ ಹಿಡ್ಕೊಂಡು ನಿಂತುಬಿಡೋರು. ದೇವಸ್ಥಾನ ಇಲ್ಲ, ತರಕಾರಿ ಗಾಡಿ ಇಲ್ಲ, ಪಕ್ಕದ ಮನೆ ಅರಿಶಿನ ಕುಂಕುಮಕ್ಕೂ ಇಲ್ಲ. "ಹತ್ತೋದು ಕಷ್ಟ ಅಲ್ಲ ಕಣೋ, ಇಳಿಯೋದಕ್ಕೆ ಭಯ" ಅಂದ್ರು ಒಂದಿನ. ಏನು ಹೇಳಬೇಕೋ ನನಗೆ ತೋಚಲಿಲ್ಲ. ಮನೆಯಲ್ಲೇ ಇದ್ದು ಇದ್ದು ಅಮ್ಮ ಮಾತಾಡೋದೇ ಕಮ್ಮಿ ಆಗಿಬಿಟ್ಟಿತ್ತು. ಮಂಡಿಗಿಂತ ನನಗೆ ಅದರದ್ದೇ ಚಿಂತೆ.

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ನಾನು ಸ್ವಿಂಡಾಲ್ ವಿಡಿಯೋ ನೋಡ್ತಿದ್ದೆ. ಬಿದ್ದಿದ್ದಲ್ಲ, ಅದರ ಮುಂದಿನ ವರ್ಷದ್ದು. 2008ರ ಡಿಸೆಂಬರ್‌ನಲ್ಲಿ ಅವನು ಅದೇ ಬೀವರ್ ಕ್ರೀಕ್‌ಗೆ ವಾಪಸ್ ಹೋದ. ಅದೇ ಬೆಟ್ಟ, ಅದೇ ಜಂಪು. ಡೌನ್‌ಹಿಲ್ ಗೆದ್ದ. ಮಾರನೇ ದಿನ ಸೂಪರ್-ಜಿ ಕೂಡ ಗೆದ್ದ! ಆ ಸೀಸನ್ ಮುಗಿಯುವಾಗ ಆಸ್ಟ್ರಿಯಾದ ಬೆಂಜಮಿನ್ ರೈಶ್‌ಗಿಂತ ಬರೀ 2 ಪಾಯಿಂಟ್ ಮುಂದಿದ್ದು ಎರಡನೇ ಸಲ ಒಟ್ಟಾರೆ ಪ್ರಶಸ್ತಿ ತಗೊಂಡ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಒಂದು ಚಿನ್ನ, ಒಂದು ಬೆಳ್ಳಿ, ಒಂದು ಕಂಚು.

ಕಥೆ ಇಲ್ಲಿಗೇ ಮುಗಿದಿದ್ರೆ ಸಿನಿಮಾ ಥರ ಇರ್ತಿತ್ತು. ಆದ್ರೆ ದೇಹ ಸಿನಿಮಾ ಅಲ್ಲವಲ್ಲ. 2014ರಲ್ಲಿ ಹಿಮ್ಮಡಿಯ ನರ ಹರಿಯಿತು. 2016ರ ಜನವರಿಯಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಶುಕ್ರವಾರ ಸೂಪರ್-ಜಿ ಗೆದ್ದ, ಶನಿವಾರ ಡೌನ್‌ಹಿಲ್‌ನಲ್ಲಿ ಬಿದ್ದು ಮಂಡಿಯ ಲಿಗಮೆಂಟ್ ಹರ್ಕೊಂಡ. ಅವತ್ತು ಅದೇ ತಿರುವಿನಲ್ಲಿ ಇನ್ನೂ ಇಬ್ಬರು ಒಳ್ಳೊಳ್ಳೇ ಪಟುಗಳು ಬಿದ್ದರು.

ಅದಾದ ಮೇಲೆ 2018, ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. ಸ್ವಿಂಡಾಲ್‌ಗೆ 35 ವರ್ಷ. ಡೌನ್‌ಹಿಲ್‌ನಲ್ಲಿ ಚಿನ್ನ! ಎರಡನೇ ಸ್ಥಾನಕ್ಕೆ ಬಂದವನು ಅವನದೇ ತಂಡದ ಶೆಟಿಲ್ ಯಾನ್ಸ್‌ರುಡ್, ಅಂತರ 0.12 ಸೆಕೆಂಡ್. ಒಲಿಂಪಿಕ್ಸ್ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಅಷ್ಟು ವಯಸ್ಸಿಗೆ ಅಲ್ಲಿಯವರೆಗೆ ಯಾರೂ ಚಿನ್ನ ಗೆದ್ದಿರಲಿಲ್ಲ. ಹಿಮದಲ್ಲೇ ಹುಟ್ಟಿ ಬೆಳೆಯೋ ನಾರ್ವೆಗೂ ಒಲಿಂಪಿಕ್ಸ್ ಡೌನ್‌ಹಿಲ್ ಚಿನ್ನ ಅದೇ ಮೊದಲು.

ನನಗೆ ಇದಕ್ಕಿಂತ ಇಷ್ಟವಾಗಿದ್ದು ಅವನು ನಿಲ್ಲಿಸಿದ ರೀತಿ. ಮಂಡಿ ಇನ್ನು ತಡೆಯಲ್ಲ ಅಂತ ಮೊದಲೇ ಹೇಳಿ, 2019ರ ಫೆಬ್ರವರಿಯಲ್ಲಿ ಓರೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊನೇ ರೇಸ್ ಮಾಡಿದ. ಹನ್ನೆರಡು ವರ್ಷದ ಹಿಂದೆ ಎರಡು ಚಿನ್ನ ಗೆದ್ದಿದ್ದ ಊರು. ಈ ಸಲ ಯಾನ್ಸ್‌ರುಡ್ ಮೊದಲು, ಇವನು ಎರಡನೆಯವನು. ಅಂತರ 0.02 ಸೆಕೆಂಡ್! 36 ವರ್ಲ್ಡ್ ಕಪ್ ಗೆಲುವು, 5 ವಿಶ್ವ ಚಾಂಪಿಯನ್ ಚಿನ್ನ, 2 ಒಲಿಂಪಿಕ್ ಚಿನ್ನ ಜೋಡಿಸಿಟ್ಟು ಹೊರಟ. 2022ರಲ್ಲಿ ತನಗೆ ವೃಷಣದ ಕ್ಯಾನ್ಸರ್ ಆಗಿತ್ತು, ಬೇಗ ಡಾಕ್ಟರ ಹತ್ರ ಹೋಗಿದ್ದಕ್ಕೆ ಒಳ್ಳೇದಾಯ್ತು ಅಂತ ಎಲ್ಲರ ಮುಂದೆ ಹೇಳಿಕೊಂಡ. ಗಂಡಸರು ಇಂಥಾ ವಿಷಯ ಮುಚ್ಚಿಡೋದೇ ಜಾಸ್ತಿ ಅಲ್ವಾ? ನನಗೆ ಅದೂ ಡೌನ್‌ಹಿಲ್‌ನಷ್ಟೇ ಧೈರ್ಯದ ಕೆಲಸ ಅನ್ನಿಸ್ತು.

ಒಂದಿನ ಆ ಬೀವರ್ ಕ್ರೀಕ್ ವಿಡಿಯೋ ಅಮ್ಮನಿಗೂ ತೋರಿಸಿದೆ. ನೀತಿಪಾಠ ಏನೂ ಹೇಳಲಿಲ್ಲ. ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಪಾಪ, ಇವನಿಗೆ ಅಮ್ಮ ಇಲ್ವೇನೋ? ಹೀಗೆಲ್ಲಾ ಬಿಡ್ತಾರಾ ಮಕ್ಕಳನ್ನ?" ಅಂದ್ರು. ಅವನಿಗೆ ಎಂಟು ವರ್ಷ ಇದ್ದಾಗಲೇ ಅವನಮ್ಮ ತೀರಿಕೊಂಡ್ರು ಅಂತ ಹೇಳಿದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಂದ್ಸಲ ಹಾಕು ಅಂದ್ರು.

ಮರುದಿನವೇ ಎದ್ದು ಇಳಿದುಬಿಟ್ರು ಅಂತೆಲ್ಲ ಬರೆಯೋಕೆ ನನಗೆ ಆಸೆ, ಆದ್ರೆ ಹಾಗಾಗಲಿಲ್ಲ. ಮೊದಲು ನಾಲ್ಕು ಮೆಟ್ಟಿಲು ಇಳಿದು ವಾಪಸ್. ಒಂದು ವಾರ ಬಿಟ್ಟು ಒಂಬತ್ತು. ಮಧ್ಯೆ ಹತ್ತು ದಿನ ಮತ್ತೆ ಭಯ, ಏನೂ ಇಲ್ಲ. ಒಂದೊಂದು ಮೆಟ್ಟಿಲಿಗೂ "ನೋವಿನ ಕಾಲು ಮೊದಲು" ಅಂತ ಮಂತ್ರದ ಥರ ಹೇಳ್ಕೊಳ್ಳೋರು. ಹದಿನೆಂಟೂ ಇಳಿದ ದಿನ ನೆಟ್ಟಗೆ ಹೋಗಿದ್ದು ತರಕಾರಿ ಗಾಡಿಗೆ, ಅವರೆಕಾಯಿ ರೇಟು ಕೇಳಿ ಗಾಡಿಯವನ ಹತ್ರ ಜಗಳ ಆಡೋಕೆ :-) ಆ ಜಗಳದ ದನಿ ಮೇಲಿಂದ ಕೇಳಿಸಿಕೊಂಡು ನನಗಾದ ಖುಷಿ ಬರೆಯೋಕೆ ಬರಲ್ಲ.

ಅಂದಹಾಗೆ ಹಿಮ ನಮಗೆ ಪೂರ್ತಿ ದೂರದ್ದೇನೂ ಅಲ್ಲ. ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ ಪಡೆದರು. ನಮ್ಮ ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಚಿನ್ನ ಗೆದ್ದಿದ್ದಾರೆ. ಕಾಫಿ ತೋಟದ ನಾಡಿಂದ ಹಿಮಕ್ಕೆ! ಅವರ ಬಗ್ಗೆ ಇನ್ನೊಮ್ಮೆ ಬರೀಬೇಕು.

ನಿಮ್ಮ ಮನೆಯಲ್ಲೂ ಹೀಗೆ ಬಿದ್ದು ಎದ್ದವರು ಇದ್ದೇ ಇರ್ತಾರೆ. ಬರೀರಿ, ಓದೋಕೆ ನಾನು ರೆಡಿ.