ಹೆಸರು ಪಡೆಯದ ಮಳೆ

ಕಲಬುರಗಿಯ ರೋಜಾ ಭಾಗದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಬಂಗಾಳಕೊಲ್ಲಿಯ ನಕ್ಷೆಯೊಂದು ತೂಗುತ್ತಿರುತ್ತದೆ. ನಿವೃತ್ತ ಭೂಗೋಳ ಶಿಕ್ಷಕರೊಬ್ಬರು, ಹವಾಮಾನ ಇಲಾಖೆಯು ಪ್ರಕಟಿಸುವ ಅಕ್ಷಾಂಶ ರೇಖಾಂಶಗಳನ್ನು ನೋಡಿ, ಅದರ ಮೇಲೆ ಸೀಸದ ಕಡ್ಡಿಯಿಂದ ಚುಕ್ಕೆಗಳನ್ನಿಡುವ ಪರಿಪಾಠವಿಟ್ಟುಕೊಂಡಿದ್ದಾರೆ. ಕಡಲಿಗೆ ಇಷ್ಟು ದೂರವಾದ ಊರಿನವರಿಗೆ ಇದೇಕೆಂದು ನಕ್ಕವರುಂಟು. 2020ರ ಅಕ್ಟೋಬರ್ ಮಾಸದ ತರುವಾಯ ಆ ನಗೆ ಅಡಗಿತು.

ಆ ತಿಂಗಳ 9ರಂದು ಅಂಡಮಾನ್ ಸಮುದ್ರದ ಉತ್ತರ ಭಾಗದಲ್ಲಿ ಹುಟ್ಟಿದ ವಾಯುಭಾರ ಕುಸಿತವು ಪಶ್ಚಿಮಾಭಿಮುಖವಾಗಿ ಸಾಗಿ, 13ರ ಪ್ರಾತಃಕಾಲ ಕಾಕಿನಾಡದ ಸಮೀಪ ನೆಲವನ್ನು ಮುಟ್ಟಿತು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರನ್ನು ತಲುಪಿದರಷ್ಟೇ ಚಂಡಮಾರುತವೆಂಬ ಪದವಿ. 13 ರಾಷ್ಟ್ರಗಳು ಕೂಡಿ ಮಾಡಿದ ಪಟ್ಟಿಯಿಂದ ಒಂದು ಹೆಸರೂ ಆಗಲೇ ದೊರೆಯುವುದು. ಇದಕ್ಕೆ ಆ ಭಾಗ್ಯವಿರಲಿಲ್ಲ. ಹೆಸರಿಲ್ಲದುದಕ್ಕೆ ಲೋಕವು ಹೆದರುವುದೂ ಕಡಿಮೆಯೇ.

ಶಿಕ್ಷಕರೂ ಎಡವಿದರು. ಬೆಚ್ಚನೆಯ ಕಡಲಿನ ಆವಿಯೇ ಇಂಥ ಸುಳಿಗಳಿಗೆ ಆಹಾರ, ನೆಲವನ್ನೇರಿದರೆ ಅವು ಸೊರಗುತ್ತವೆಂದು ಎಷ್ಟೋ ವರ್ಷ ಪಾಠ ಹೇಳಿದವರು ಅವರು. ಭೀಮಾ ತೀರದ ಹಳ್ಳಿಯಲ್ಲಿದ್ದ ತಮ್ಮನಿಗೆ ದೂರವಾಣಿಯಲ್ಲಿ ಅದನ್ನೇ ಹೇಳಿ ಸಮಾಧಾನಪಡಿಸಿದರು. ಆದರೆ ಸೊರಗುವುದು ಗಾಳಿ. ಹೊತ್ತು ತಂದ ನೀರು ಎಲ್ಲಿಗೆ ಹೋದೀತು? ಕಾಕಿನಾಡವೂ ಕಲಬುರಗಿಯೂ ಹೆಚ್ಚುಕಡಿಮೆ 17 ಡಿಗ್ರಿ ಅಕ್ಷಾಂಶದ ನೆರೆಹೊರೆಯಲ್ಲೇ ಇವೆ. ಆ ರಾತ್ರಿ ಹೈದರಾಬಾದು ಜಲಾವೃತವಾಯಿತು. ಬೆನ್ನಿಗೇ ಕಲಬುರಗಿ ಜಿಲ್ಲೆಯಲ್ಲಿಯೂ ಮಳೆ ಹೊಯ್ಯಿತು. ಮಳಖೇಡದಲ್ಲಿ ಕಾಗಿಣಾ ನದಿ ದಡ ಮೀರಿತು. ಎರೆಭೂಮಿಯಲ್ಲಿ ನೀರು ನಿಂತು ತೊಗರಿಯ ಬೇರು ಕೊಳೆಯತೊಡಗಿತು.

14ರ ಸಂಜೆಗೆ ಆ ಸುಳಿಯು ಮಹಾರಾಷ್ಟ್ರದತ್ತ ಸರಿದು ಕ್ಷೀಣಿಸಿತು. ಇತ್ತ ಮಳೆ ಹಿಂಜರಿಯಿತು. ಶಿಕ್ಷಕರು ಮಾತ್ರ ಈ ಸಲ ಕಡ್ಡಿಯನ್ನು ಕೆಳಗಿಡಲಿಲ್ಲ. ಚುಕ್ಕೆ ಸೊಲ್ಲಾಪುರದ ಸನಿಹದಲ್ಲಿತ್ತು. ಅಲ್ಲಿ ಸುರಿದುದೆಲ್ಲ ಇಳಿದು ಬರುವುದು ಭೀಮೆಗೇ, ಮೇಲೆ ಉಜನಿ ಜಲಾಶಯದಿಂದ ಬಿಟ್ಟ ನೀರು ಬೇರೆ. ಅವರು ಮತ್ತೆ ತಮ್ಮನನ್ನು ಕರೆದರು.

"ಮಳಿ ನಿಂತದಲ್ಲ ಅಣ್ಣಾ, ಇನ್ಯಾಕ ಹೆದರಿಕಿ? ನೀನೇ ಏನೂ ಆಗಂಗಿಲ್ಲ ಅಂದಿದ್ದಿ."

"ತಪ್ಪು ಹೇಳಿದ್ದೆ ತಮ್ಮಾ. ಮಳಿ ನಿಂತದ, ನೀರು ಇನ್ನಾ ಹಾದ್ಯಾಗ ಅದ. ದನಾ ಬಿಚ್ಚಕೊಂಡು ಮ್ಯಾಲಿನ ಊರಿಗಿ ನಡಿ."

ತಪ್ಪನ್ನೊಪ್ಪಿದ ಆ ಒಂದು ಮಾತಿಗೇ ತಮ್ಮನು ಮಣಿದನೆಂದು ತೋರುತ್ತದೆ. ಅಕ್ಷಾಂಶ ರೇಖಾಂಶಗಳಿಗೆ ಅವನು ಮಣಿಯುವವನಲ್ಲ. ಮನೆಮಂದಿಯೂ ದನಕರುಗಳೂ ದಿನ್ನೆಯ ಊರನ್ನು ಸೇರಿದರು. ಜೋಳದ ಚೀಲಗಳನ್ನು ಸಾಗಿಸಲು ಸಮಯ ಸಾಲಲಿಲ್ಲ. ಗಾಳಿ ಪಶ್ಚಿಮಕ್ಕೆ ಒಯ್ದ ನೀರನ್ನು ನದಿಯು ಪೂರ್ವಕ್ಕೆ ಮರಳಿ ತಂದಿತು. ಭೀಮೆ ಉಕ್ಕಿ ಹೊಲಮನೆಗಳನ್ನು ನುಂಗಿದಾಗ ಆ ಚೀಲಗಳೂ ಹೋದವು.

17ರಂದು ಅದೇ ಸುಳಿಯು ಅರಬ್ಬೀ ಸಮುದ್ರದಲ್ಲಿ ಮತ್ತೆ ಜೀವ ತಳೆಯಿತು. ಗೋಡೆಯ ನಕ್ಷೆಯಲ್ಲಿ ಅಷ್ಟು ದೂರಕ್ಕೆ ಎಡೆಯಿರಲಿಲ್ಲ. ಶಿಕ್ಷಕರು ಎಡಬದಿಗೆ ಇನ್ನೊಂದು ಹಾಳೆಯನ್ನು ಅಂಟಿಸಿದರು. ಪ್ರತಿವರ್ಷ ಹಿಂಗಾರು ಮೊದಲಾಗುತ್ತಲೇ ಹಳ್ಳಿಯಿಂದ ಕರೆ ಬರುತ್ತದೆ: "ಅಣ್ಣಾ, ಚುಕ್ಕಿ ಎಲ್ಲಿಗಿ ಬಂತು?"