ರಸವಿದ್ಯೆಯಿಂದ ನೇಪಾಳದ ತನಕ: ಸಿ.ಐ.ಡಿ. ೯೯೯ರ ನಾಲ್ಕು ಸಾಹಸಗಳು

೧೯೬೮ರಲ್ಲಿ ತೆರೆಕಂಡ ‘ಜೇಡರ ಬಲೆ’ಯ ಕಥಾಬೀಜ ಒಂದು ಸೂತ್ರ. ಸಾಮಾನ್ಯ ಲೋಹವನ್ನು ಚಿನ್ನವಾಗಿಸುವ ಉಪಾಯವನ್ನು ವಿಜ್ಞಾನಿಯೊಬ್ಬ ಕಂಡುಹಿಡಿಯುತ್ತಾನೆ. ಅದನ್ನು ಕಬಳಿಸಲು ಹೊರಟ ದುಷ್ಟಕೂಟದ ಬೆನ್ನು ಹತ್ತುವವನು ಪ್ರಕಾಶ್ ಎಂಬ ಗೂಢಚಾರ, ಅರ್ಥಾತ್ ಸಿ.ಐ.ಡಿ. ೯೯೯. ಇದಕ್ಕೆ ಆರು ವರ್ಷ ಮೊದಲು ಬಂದ ‘ಡಾಕ್ಟರ್ ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಎದುರಿಸಿದ್ದು ಅಮೆರಿಕದ ರಾಕೆಟ್ಟುಗಳ ದಾರಿ ತಪ್ಪಿಸುವ ಅಣುಶಕ್ತಿಯ ಸಂಚನ್ನು. ಅವನ ಮಾದರಿಯಲ್ಲೇ ಹುಟ್ಟಿದ ಕನ್ನಡದ ಬಾಂಡನ ಪಾಲಿಗೆ ಬಂದದ್ದು ಮಾತ್ರ ಸಿದ್ಧ ನಾಗಾರ್ಜುನನ ರಸವಿದ್ಯೆ! ‘ಗೋಲ್ಡ್‌ಫಿಂಗರ್’ನ ಖಳನೂ ಚಿನ್ನದ ಮೋಹಿಯೇ ಹೌದು, ಆದರೆ ಅವನು ಪರರ ಚಿನ್ನವನ್ನು ಅಣುವಿಕಿರಣದಿಂದ ಕೆಡಿಸಹೊರಟವನು. ಚಿನ್ನವನ್ನು ಕೆಡಿಸುವ ಯೋಚನೆ ಕನ್ನಡದ ಯಾವ ಖಳನಿಗೂ ಹೊಳೆಯಲಾರದು.

ನಗು ಬರುವುದು ಸಹಜ. ಆದರೆ ಆ ಚಿತ್ರವನ್ನು ಮೊದಲು ನೋಡಿದವರಿಗೆ ಅದು ಅಷ್ಟು ದೂರದ ಮಾತಾಗಿರಲಿಲ್ಲ. ೧೯೬೩ರ ಜನವರಿಯಿಂದ ಭಾರತದಲ್ಲಿ ಚಿನ್ನದ ಮೇಲೆ ಸರ್ಕಾರದ ಹತೋಟಿ ಬಂದಿತ್ತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಒಡವೆ ಮಾಡಬಾರದೆಂಬ ಕಟ್ಟಳೆಯಿಂದ ಅಕ್ಕಸಾಲಿಗರು ಕೆಲಸ ಕಳೆದುಕೊಂಡಿದ್ದರು. ೧೯೬೮ರಲ್ಲಿಯೇ ಚಿನ್ನ ನಿಯಂತ್ರಣ ಕಾಯಿದೆ ಜಾರಿಗೆ ಬಂದು, ಮನೆಯಲ್ಲಿ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಮಗಳ ಮದುವೆಗೆಂದು ನಾಲ್ಕು ಕಾಸು ಕೂಡಿಟ್ಟವರು ತುಂಬಿದ ಚಿತ್ರಮಂದಿರದಲ್ಲಿ ಕಬ್ಬಿಣವನ್ನು ಚಿನ್ನ ಮಾಡುವ ವಿಜ್ಞಾನಿ ಕೇವಲ ಕಟ್ಟುಕಥೆಯ ವ್ಯಕ್ತಿಯಾಗಿರಲಾರ. ಜನಪ್ರಿಯ ಕಥನ ಎಷ್ಟೇ ಹಾಸ್ಯಾಸ್ಪದವೆನಿಸಿದರೂ ತನ್ನ ಕಾಲದ ತಿಜೋರಿಯ ಕೀಲಿಕೈಯನ್ನು ಅದು ಹೇಗೋ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತದೆ.

ನಿರ್ದೇಶಕರು ದೊರೈ ಮತ್ತು ಭಗವಾನ್; ಒಬ್ಬರು ಛಾಯಾಗ್ರಾಹಕ ಬಿ. ದೊರೈರಾಜ್, ಇನ್ನೊಬ್ಬರು ಎಸ್.ಕೆ. ಭಗವಾನ್. ನಾಯಕ ರಾಜಕುಮಾರ್. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಅವರು ಕಟ್ಟಿಕೊಂಡು ಬಂದ ಮೂರ್ತಿ ಭಕ್ತನದು, ಸಂತನದು, ಪೌರಾಣಿಕ ವೀರನದು. ೧೯೬೬ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಕಾವಿಯುಟ್ಟು ರಾಘವೇಂದ್ರ ಸ್ವಾಮಿಗಳಾಗಿ ಕಾಣಿಸಿಕೊಂಡವರು ಎರಡೇ ವರ್ಷಕ್ಕೆ ಕೋಟು ತೊಟ್ಟು ಪಿಸ್ತೂಲು ಹಿಡಿದರು. ಅದೇ ೧೯೬೮ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’ ಚಿತ್ರದಲ್ಲಿಯೂ ಅವರಿದ್ದರು. ನಿನ್ನೆ ಯಾರ ಪಾದಕ್ಕೆ ಕೈಮುಗಿದಿದ್ದರೋ ಅವರೇ ಇಂದು ಕ್ಲಬ್ಬಿನಲ್ಲಿ ಕುಳಿತಿರುವುದನ್ನು ಪ್ರೇಕ್ಷಕರು ಒಪ್ಪಿದರು ಎಂಬುದು ಸಣ್ಣ ಸಂಗತಿಯಲ್ಲ. ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಅದೇ ವರ್ಷ ಬಂದರೆ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ೧೯೬೯ರಲ್ಲಿ ಬಂದಿತು. ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಕನ್ನಡಕ್ಕೆ ಹೊಸಬರಾಗಿದ್ದ ಲಕ್ಷ್ಮಿ, ಮೂರನೆಯದರಲ್ಲಿ ಇನ್ನೂ ಹಿಂದಿಯ ತಾರೆಯಾಗದಿದ್ದ ರೇಖಾ ನಾಯಕಿಯರು.

ನಾಯಕನ ಬಿರುದೇ ಒಂದು ತಮಾಷೆ. ಸಿ.ಐ.ಡಿ. ಎಂಬುದು ರಾಜ್ಯದ ಪೊಲೀಸ್ ಇಲಾಖೆಯ ಒಂದು ಅಂಗ; ಕಳವು, ಕೊಲೆ, ವಂಚನೆಗಳ ಕಡತ ಅದರ ಕೆಲಸ. ಬಾಂಡ್ ಬ್ರಿಟನ್ನಿನ ಮಹಾರಾಣಿಯ ಸೇವಕನಾದರೆ, ಪ್ರಕಾಶ್ ಲೆಕ್ಕಕ್ಕೆ ಆಗಿನ ಮೈಸೂರು ರಾಜ್ಯದ ನೌಕರ. ಅವನಿಗೆ ಗಡಿ ದಾಟುವ ಅಧಿಕಾರ ಕೊಟ್ಟವರಾರು, ಪ್ರವಾಸ ಭತ್ಯೆ ಮಂಜೂರು ಮಾಡಿದ ಅಧಿಕಾರಿ ಯಾರು ಎಂದು ಯಾರೂ ಕೇಳಲಿಲ್ಲ. ವಿನೋದವೆಂದರೆ, ವಿದೇಶೀ ಗೂಢಚರ್ಯೆಗೆಂದೇ ‘ರಾ’ ಸಂಸ್ಥೆಯನ್ನು ಭಾರತ ಸರ್ಕಾರ ಸ್ಥಾಪಿಸಿದ್ದೂ ೧೯೬೮ರ ಸೆಪ್ಟೆಂಬರಿನಲ್ಲಿ. ಕನ್ನಡದ ಗೂಢಚಾರನೂ ದಿಲ್ಲಿಯ ಗೂಢಚಾರರೂ ಒಂದೇ ವರ್ಷದ ಕೂಸುಗಳು.

ಪತ್ತೇದಾರಿಕೆ ಮಾತ್ರ ಕನ್ನಡಕ್ಕೆ ಪರಕೀಯವಾಗಿರಲಿಲ್ಲ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಸಾಗಿ, ಪತ್ತೇದಾರ ಪುರುಷೋತ್ತಮ ಮನೆಮಾತಾಗಿದ್ದ ಕಾಲವದು. ಇನ್ನೂ ಹಿಂದೆ ಹೋಗಬಯಸುವವರು ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ತೆರೆಯಬಹುದು. ಹಗಲು ಕುಷ್ಠರೋಗಿಯ ವೇಷ, ಇರುಳು ಅರಮನೆಗೆ ಕನ್ನ. ಕಳುವಾದದ್ದು ಅರಸನ ಹಾರ. ಕಳ್ಳನನ್ನು ಹಿಡಿಯಲು ತಳಾರ ಯಮದಂಡನಿಗೆ ದೊರೆತ ಗಡುವು ಏಳು ದಿನ. ಕೊನೆಗೆ ತಿಳಿಯುವುದು ಕಳ್ಳನೂ ತಳಾರನೂ ಬಾಲ್ಯದ ಗೆಳೆಯರೆಂದು. ವೇಷ, ಗಡುವು, ಗುಟ್ಟು, ಬಯಲು ಎಂಬ ಪತ್ತೇದಾರಿ ಕಥೆಯ ಸಾಮಗ್ರಿಯೆಲ್ಲ ಅಲ್ಲಿದೆ. ಕಥೆಯ ಬಿಗಿಯ ದೃಷ್ಟಿಯಿಂದ ತೂಗಿದರೆ ಹಳಗನ್ನಡದ ಗದ್ಯವೇ ಮೇಲೆಂದು ಒಪ್ಪಬೇಕಾಗುತ್ತದೆ. ಸಿ.ಐ.ಡಿ. ೯೯೯ರ ಚಿತ್ರಗಳಲ್ಲಿ ಸುಳಿವಿಗಿಂತ ಹೊಡೆದಾಟ ಬೇಗ ಬರುತ್ತದೆ.

ಆ ಚಿತ್ರಗಳ ನಿಜವಾದ ಪಣ ಬೇರೆಡೆ ಇತ್ತು. ೧೯೬೦ರ ದಶಕದ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಕನ್ನಡಕ್ಕೆ ಜಾಗ ಸುಲಭವಾಗಿ ಸಿಗುತ್ತಿರಲಿಲ್ಲ. ತಮಿಳು, ಹಿಂದಿ, ಇಂಗ್ಲಿಷ್ ಚಿತ್ರಗಳದ್ದೇ ಮೇಲುಗೈ. ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ಚಿತ್ರಗಳ ವಿರುದ್ಧ ಬೀದಿಗಿಳಿದದ್ದು ಅದೇ ದಶಕದಲ್ಲಿ. ಕನ್ನಡವೆಂದರೆ ಭಕ್ತಿಗೆ, ಪುರಾಣಕ್ಕೆ, ಹಳ್ಳಿಯ ಕಣ್ಣೀರಿಗೆ ಸರಿ. ಕಾರು, ವಿಮಾನ, ಟೆಲಿಫೋನುಗಳ ಲೋಕಕ್ಕೆ ಅದು ಒಗ್ಗದು ಎಂಬ ಮನೋಭಾವ ಪೇಟೆಯಲ್ಲಿತ್ತು. ಅಂಥ ಹೊತ್ತಿನಲ್ಲಿ ನಾಯಕನೊಬ್ಬ ಸ್ವಚ್ಛ ಕನ್ನಡದಲ್ಲಿ ಖಳನನ್ನು ಗದರಿಸಿ ಕಾರು ಓಡಿಸಿಕೊಂಡು ಹೋದದ್ದು ಭಾಷೆಗೆ ಸಂದ ಒಂದು ಪ್ರಮಾಣಪತ್ರ. ಈ ಮಾತನ್ನು ವಿಮರ್ಶಕರು ಹೇಳಲಿಲ್ಲ, ಟಿಕೆಟ್ ಕೊಂಡವರು ತೋರಿಸಿಕೊಟ್ಟರು.

ಬಾಂಡ್ ಜಮೈಕಕ್ಕೂ ಇಸ್ತಾಂಬುಲ್‌ಗೂ ಹಾರಿದರೆ ೯೯೯ ಹೋದದ್ದು ಗೋವಾಕ್ಕೆ. ಕಾರವಾರದ ಪಕ್ಕದ ಊರು ವಿದೇಶವೇ ಎಂದು ಇಂದು ನಗಬಹುದು. ಆದರೆ ೧೯೬೧ರ ಡಿಸೆಂಬರ್ ತನಕ ಅದು ಪೋರ್ಚುಗಲ್ಲಿನದಾಗಿತ್ತು. ಚಿತ್ರ ಬರುವ ಹಿಂದಿನ ವರ್ಷವಷ್ಟೇ ಮಹಾರಾಷ್ಟ್ರದೊಡನೆ ಸೇರಬೇಕೇ ಬೇಡವೇ ಎಂದು ಅಲ್ಲಿ ಜನಮತ ಸಂಗ್ರಹ ನಡೆದಿತ್ತು. ಚರ್ಚಿನ ಗೋಪುರ, ಮದ್ಯದಂಗಡಿ, ಕಳ್ಳಸಾಗಣೆಯ ಕಡಲು ಇವೆಲ್ಲ ಮೈಸೂರು ಸೀಮೆಯ ಪ್ರೇಕ್ಷಕನಿಗೆ ಪರದೇಶವೇ ಸರಿ. ಕಡಿಮೆ ಖರ್ಚಿನಲ್ಲಿ ದೊರೆತ ಪರದೇಶ.

ಮೆಚ್ಚುವಾಗಲೂ ಒಂದನ್ನು ಮರೆಯಲಾಗದು. ಈ ಬಗೆಯ ಚಿತ್ರಗಳಲ್ಲಿ ಹೆಣ್ಣಿಗೆ ಎರಡೇ ಕೋಣೆ: ಒಂದರಲ್ಲಿ ಕ್ಯಾಬರೆ, ಇನ್ನೊಂದರಲ್ಲಿ ಕಾಯುವಿಕೆ. ಬಾಂಡನಂತೆ ಚಿತ್ರಕ್ಕೊಬ್ಬಳನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ರಾಜಕುಮಾರ್ ಅವರ ನಾಯಕನಿಗೆ ಇರಲಿಲ್ಲ. ಕುಟುಂಬ ಸಮೇತ ಬಂದ ಪ್ರೇಕ್ಷಕರು ಅದನ್ನು ಕ್ಷಮಿಸುತ್ತಿರಲಿಲ್ಲ. ಹೀಗಾಗಿ ಮೋಹಿಸುವ ಹೆಣ್ಣಿನ ಮುಂದೆ ಅವನು ಬಾಂಡನಾಗಿ ಮುಗುಳ್ನಕ್ಕು, ಮರುಗಳಿಗೆ ಪರನಾರೀ ಸಹೋದರನಾಗಿ ಹಿಂದೆ ಸರಿಯುತ್ತಾನೆ. ಆ ಇಕ್ಕಟ್ಟೇ ಇಂದು ಹೆಚ್ಚು ನಗು ತರಿಸುವ ಜಾಗ. ಹೆಚ್ಚು ಆಪ್ತವೆನಿಸುವ ಜಾಗವೂ ಹೌದು.

ಒಂಬತ್ತು ವರ್ಷಗಳ ಬಿಡುವಿನ ಬಳಿಕ, ೧೯೭೮ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಿತು. ಈ ಸಲ ಬಣ್ಣ, ನೇಪಾಳದ ಬೆಟ್ಟಗಳು, ನಾಯಕಿಯಾಗಿ ಪದ್ಮಪ್ರಿಯಾ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ಹೆಸರಿನ ಕೊನೆಯ ಪದ ಕಳ್ಳವ್ಯವಹಾರದ ಜಾಲವನ್ನು ಸೂಚಿಸುವುದಾದರೂ ಕನ್ನಡ ಲಿಪಿಯಲ್ಲಿ ಅದು ಬಾಣಬಿರುಸಿನಂತೆ ಓದಿಸಿಕೊಳ್ಳುತ್ತದೆ. ವಜ್ರ ಹೊತ್ತು ಹಾರುವ ರಾಕೆಟ್ಟಿಗಾಗಿ ಕೊನೆಯ ತನಕ ಕಾದು ಕುಳಿತವರು ಇದ್ದರೆ ಆಶ್ಚರ್ಯವಿಲ್ಲ.

ಅರ್ಧ ಶತಮಾನದ ಅನಂತರ ಆ ಚಿತ್ರವನ್ನು ಬದುಕಿಸಿಟ್ಟಿರುವುದು ಕಥೆಯಲ್ಲ, ಪೂರ್ತಿ ಇಂಗ್ಲಿಷಿನಲ್ಲಿರುವ ಒಂದು ಹಾಡು. ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದ ತಮ್ಮ ಹಾಡುಗಳಿಗೆ ತಾವೇ ದನಿಯಾಗತೊಡಗಿದ್ದ ರಾಜಕುಮಾರ್ ಅದನ್ನೂ ಹಾಡಿದರು. ಹುಡುಗರು ಅದನ್ನು ಮೊಬೈಲಿನಲ್ಲಿ ಹಂಚಿಕೊಂಡು ನಗುತ್ತಾರೆ. ಎರಡನೆಯ ಸಲ ಕೇಳುವಾಗ ತಾಳ ಹಾಕುತ್ತಾರೆ. ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ನಟ, ಇಂಗ್ಲಿಷ್ ಅಕ್ಷರಗಳನ್ನು ರಂಗಗೀತೆಯ ಸ್ವರಗಳಂತೆ ತೂಗಿ, ಪ್ರತಿಯೊಂದಕ್ಕೂ ಪೂರ್ಣ ಗೌರವ ಕೊಟ್ಟು ಹಾಡಿದ್ದಾರೆ. ಅಣಕವಿಲ್ಲ, ಅಳುಕಿಲ್ಲ. ನಗುವವನ ನಗು ಅರ್ಧಕ್ಕೆ ನಿಲ್ಲುವುದು ಆ ತನ್ಮಯತೆಯ ಎದುರಿನಲ್ಲಿ. ಇದಾದ ನಾಲ್ಕು ವರ್ಷಕ್ಕೆ, ೧೯೮೨ರಲ್ಲಿ, ಗೋಕಾಕ್ ವರದಿಯ ಜಾರಿಗಾಗಿ ನಾಡಿನುದ್ದಕ್ಕೂ ಚಳವಳಿಯ ಮುಂಚೂಣಿಯಲ್ಲಿ ನಡೆದವರು ಅವರೇ. ಇಂಗ್ಲಿಷಿನಲ್ಲಿ ಹಾಡಿದ್ದಕ್ಕೂ ಕನ್ನಡಕ್ಕಾಗಿ ನಡೆದದ್ದಕ್ಕೂ ವಿರೋಧವಿದೆಯೆಂದು ಅವರ ಅಭಿಮಾನಿಗಳಲ್ಲಿ ಯಾರಿಗೂ ಅನ್ನಿಸಿದಂತಿಲ್ಲ.

ದೊರೈ-ಭಗವಾನ್ ಜೋಡಿಯ ಮುಂದಿನ ದಾರಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತ. ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಬಯಲುದಾರಿ’, ತ.ರಾ.ಸು. ಅವರ ‘ಚಂದನದ ಗೊಂಬೆ’ ತೆರೆಗೆ ಬಂದದ್ದು ಅವರ ಕೈಯಿಂದಲೇ. ಕನ್ನಡ ಕಾದಂಬರಿಯನ್ನು ಕಥೆ ಕೆಡದಂತೆ ತೆರೆಗೆ ದಾಟಿಸುವ ಹದ ಬಲ್ಲವರೆಂದು ಅವರನ್ನು ಕುರಿತ ಬರಹಗಳು ಹೇಳುತ್ತವೆ; ಸಿ.ಐ.ಡಿ. ೯೯೯ಕ್ಕೆ ಅವುಗಳಲ್ಲಿ ಸಿಗುವುದು ಒಂದೆರಡು ಸಾಲು. ಆದರೂ ಪಾತ್ರವೊಂದು ಕೋಣೆಯೊಳಗೆ ಬರುವ ಮೊದಲೇ ಪ್ರೇಕ್ಷಕನಿಗೆ ಎಷ್ಟು ಗೊತ್ತಿರಬೇಕು, ಬಾಗಿಲನ್ನು ಎಷ್ಟು ಹೊತ್ತು ಮುಚ್ಚಿಟ್ಟಿರಬೇಕು ಎಂಬ ಲೆಕ್ಕವನ್ನು ಅವರು ಪಳಗಿಸಿಕೊಂಡದ್ದು ಆ ಕಪ್ಪು-ಬಿಳುಪಿನ ಜೇಡನ ಬಲೆಯಲ್ಲಿಯೇ ಇರಬೇಕು.