ಕೊನೆಯ ಎರಡು ಮೈಲಿ

ಮೊದಲೇ ಹೇಳಿಬಿಡುತ್ತೇನೆ, ದೋಣಿ ನನ್ನದಲ್ಲ. ನನ್ನದಾಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಿನೆಸೋಟಾದಲ್ಲಿ ನಮ್ಮ ಪಕ್ಕದ ಮನೆಯವರು ಎಪ್ಪತ್ತು ದಾಟಿದ ನಿವೃತ್ತ ಎಲೆಕ್ಟ್ರಿಷಿಯನ್. ಅವರ ಹತ್ತಿರ 16 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ಇದೆ, ಅದಕ್ಕೆ 40 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು. ಕಾರಿನ ನಂಬರ್ ಪ್ಲೇಟಿನ ಮೇಲೇ ‘10,000 ಕೆರೆಗಳು’ ಎಂದು ಬರೆಸಿಕೊಂಡ ರಾಜ್ಯ ಇದು. ದೋಣಿ ಕೊಡುವುದೆಂದರೆ ಅವರಿಗೆ, ನಮ್ಮೂರಲ್ಲಿ ಪಕ್ಕದ ಮನೆಗೆ ಏಣಿ ಕೊಟ್ಟ ಹಾಗೆ.

ಕೊಡುವಾಗ ಒಂದೇ ಮಾತು ಹೇಳಿದ್ದರು. ಗ್ಯಾರೇಜಿನ ಗೋಡೆಯ ಮೊಳೆಯಿಂದ ಒಂದು ಕೋಲು ಇಳಿಸಿ ಕೈಗಿಟ್ಟು, ಇದನ್ನು ಕಟ್ಟದೆ ರಸ್ತೆಗಿಳಿಯಬೇಡ ಅಂದರು. ಟ್ರಾನ್ಸಮ್ ಸೇವರ್ ಅನ್ನುತ್ತಾರೆ ಅದಕ್ಕೆ. ಮೋಟಾರಿನ ಊರುಗೋಲು ಅಂದುಕೊಳ್ಳಿ. ಒಂದು ತುದಿ ಟ್ರೈಲರಿನ ಹಿಂಭಾಗಕ್ಕೆ ಕೂರುತ್ತದೆ, ಕವೆಯಂತಿರುವ ಇನ್ನೊಂದು ತುದಿ ಮೋಟಾರಿನ ಕೆಳಭಾಗವನ್ನು ಹಿಡಿಯುತ್ತದೆ. ಮೋಟಾರನ್ನು ಎತ್ತಿ, ಕೋಲು ಕೊಟ್ಟು, ಅದರ ಮೇಲೆ ಬಿಗಿಯಾಗುವಷ್ಟು ಮತ್ತೆ ಇಳಿಸಬೇಕು. ಇಲ್ಲದಿದ್ದರೆ ಹಿಂದಕ್ಕೆ ಚಾಚಿಕೊಂಡ ಸುಮಾರು ನೂರು ಕಿಲೋ ಭಾರ ದೋಣಿಯ ಹಿಂಬದಿ ಹಲಗೆಯನ್ನು ಪ್ರತಿ ಗುಂಡಿಗೂ ಹಾರೆ ಹಾಕಿದಂತೆ ಮೀಟುತ್ತದೆ. ನೆಲಕ್ಕೆ ತಾಗದಷ್ಟು ಎತ್ತರವಿದ್ದರೆ ಮೋಟಾರನ್ನು ನೆಟ್ಟಗೆ ಇಳಿಬಿಟ್ಟೇ ಒಯ್ಯಬಹುದು. ಅವರ ಟ್ರೈಲರು ತಗ್ಗು.

ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಗಂಗೊಳ್ಳಿ ಕಡೆಯವನು, ದೋಣಿಯ ಊರಿನವನು ಎಂದು ಅವರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೆ. ಊರೇನೋ ನಿಜ. ಆದರೆ ಅಪ್ಪ ಬ್ಯಾಂಕಿನಲ್ಲಿದ್ದವರು. ನಾನು ದೋಣಿಯನ್ನು ನೋಡಿದ್ದು ದಡದಿಂದ. ನಾಡದೋಣಿಯವರು ಸಣ್ಣ ಎಂಜಿನ್ನನ್ನು ಬಿಚ್ಚಿ, ಹೆಗಲಿಗೆ ಮಡಿಸಿದ ಬೈರಾಸು ಇಟ್ಟು, ಮರಳಿನಲ್ಲಿ ಕಾಲು ಹುಗಿಯುತ್ತ ಹೊತ್ತು ತರುತ್ತಿದ್ದರು. ಆ ಭಾರ ಒಂದು ದಿನವೂ ನನ್ನ ಹೆಗಲಿಗೆ ಬಂದದ್ದಿಲ್ಲ. ಇದನ್ನು ಅವರಿಗೆ ಹೇಳಿರಲಿಲ್ಲ.

ಸೆಪ್ಟೆಂಬರಿನ ಸಂಜೆ, ಮಿಲ್ ಲ್ಯಾಕ್ಸ್ ಕೆರೆ. ದೋಣಿಯನ್ನು ಟ್ರೈಲರಿಗೆ ಏರಿಸಿ ಪಕ್ಕಕ್ಕೆ ನಿಲ್ಲಿಸಿಕೊಂಡೆ. ನೀರು ಬಸಿಯುವ ಬಿರಡೆ ತೆಗೆದೆ. ಹಾಗೆ ತೆಗೆದಿಟ್ಟೇ ಸಾಗಿಸಬೇಕೆಂಬ ಕಾನೂನು ಇಲ್ಲಿದೆ, ಒಂದು ಕೆರೆಯ ಉಪದ್ರವದ ಜೀವಿಗಳು ಇನ್ನೊಂದಕ್ಕೆ ಹೋಗದಿರಲಿ ಎಂದು. ದಂಡ ಇರುವ ಕೆಲಸ ಮರೆಯಲಿಲ್ಲ, ನೋಡಿ. ಆಮೇಲೆ ಕೋಲು. ಕವೆ ಕೂರಲಿಲ್ಲ. ಎರಡನೇ ಸಲವೂ ಜಾರಿತು. ಪಕ್ಕದ ಟ್ರಕ್ಕಿನ ಹುಡುಗ, ಹದಿನೆಂಟಿರಬಹುದು, ಬಂದು ಸಹಾಯ ಬೇಕಾ ಎಂದು ಕೇಳಿದ. ಬೇಡ ಅಂದೆ. ಕೋಲನ್ನು ಗಾಡಿಯೊಳಗೆ ಎಸೆದು, ಮೋಟಾರನ್ನು ಪೂರ್ತಿ ಎತ್ತಿ ಅದರದೇ ಕೊಕ್ಕೆಗೆ ನಿಲ್ಲಿಸಿ ಹೊರಟೆ. ಆ ಕೊಕ್ಕೆ ದೋಣಿ ನಿಂತಿರುವಾಗಿನ ಬಳಕೆಗೆ, ಟ್ರೈಲರಿನಲ್ಲಿ ಒಯ್ಯುವಾಗ ನೆಚ್ಚಬೇಡಿ ಎಂದು ಕೈಪಿಡಿಗಳಲ್ಲಿ ಇರುತ್ತದೆ. ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಆ ಹುಡುಗನನ್ನು ಕರೆಯುತ್ತಿದ್ದೆನಾ? ಇಲ್ಲ ಅನಿಸುತ್ತದೆ.

169ನೇ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್. ರಸ್ತೆ ಎಗರಿದಾಗಲೆಲ್ಲ ಹಿಂದಿನ ಸೀಟಿನ ಕೆಳಗೆ ಕೋಲು ಠಣ್ ಎನ್ನುತ್ತಿತ್ತು. ಅದೇ ಹೊತ್ತಿಗೆ ಹಿಂದೆ ಮೋಟಾರು ಕುಕ್ಕುತ್ತಿದೆ ಎಂದು ಗೊತ್ತಿತ್ತು. ರೇಡಿಯೋ ಜೋರು ಮಾಡಿದೆ.

ಇಷ್ಟೇ ಆಗಿದ್ದರೆ ಸೋಮಾರಿತನ ಅನ್ನಬಹುದಿತ್ತು. ಮನೆಗೆ ಎರಡು ಮೈಲಿ ಇರುವಾಗ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಲ್ಲಿಸಿದೆ. ಕೋಲು ತೆಗೆದು ಕೂರಿಸಿದೆ. ನೋಡುವವರಿಲ್ಲದ ಕಡೆ ಮೊದಲ ಸಲಕ್ಕೇ ಕೂತಿತು. ರಬ್ಬರ್ ಪಟ್ಟಿಯನ್ನೂ ಬಿಗಿದೆ. ಆ ಎರಡು ಮೈಲಿ ನಿಧಾನ ಓಡಿಸಿದೆ, ದೋಣಿಯ ಮೇಲೆ ಬಹಳ ಕಾಳಜಿ ಇರುವವನಂತೆ. ಮುದುಕರು ಅಂಗಳದಲ್ಲೇ ಇದ್ದರು. ಬಗ್ಗಿ ನೋಡಿ, ಚೆನ್ನಾಗಿ ಕಟ್ಟಿದ್ದೀಯ ಅಂದರು.

ಮುಂದಿನ ಏಪ್ರಿಲಿನಲ್ಲಿ ಮೋಟಾರು ಬಿಗಿದ ಮೇಲಿನ ಬೋಲ್ಟಿನ ಪಕ್ಕ ಹಿಂಬದಿಯ ತಗಡು ಸೀಳಿದ್ದು ಅವರ ಕಣ್ಣಿಗೆ ಬಿತ್ತು. ತಗಡಿನ ಒಳಗಿನ ಪ್ಲೈವುಡ್ ಕಪ್ಪಾಗಿತ್ತು. ಚಾಕುವಿನ ಮೊನೆ ಚಹಾದಲ್ಲಿ ನೆನೆದ ರಸ್ಕಿಗೆ ಇಳಿದಂತೆ ಇಳಿಯಿತು. ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿದೆ, ಮುಚ್ಚಬೇಕಿತ್ತು, ನನ್ನದೇ ತಪ್ಪು ಅಂದರು. ಹೌದು, ಕೊಳೆತದ್ದು ಒಂದು ದಿನದಲ್ಲಿ ಅಲ್ಲ. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ. ಕೊಳೆ ಅವರ ಕಾಲದ್ದೇ ಇರಬಹುದು, ಸೀಳು? ಅಥವಾ ಅದೂ ಹೇಗೂ ಆಗುತ್ತಿತ್ತೋ ಏನೋ. ಆದರೆ ಅವರು ‘ನನ್ನದೇ ತಪ್ಪು’ ಅಂದಾಗ ನಾನು ತಲೆಯಾಡಿಸಿದೆನಲ್ಲ, ಅದಕ್ಕೂ ಪ್ಲೈವುಡ್ಡಿಗೂ ಸಂಬಂಧವಿಲ್ಲ.

ರಿಪೇರಿಗೆ ಮೂರು ಶನಿವಾರ ಹೋದೆ. ಕೊಳೆತದ್ದನ್ನು ಕಿತ್ತು, ಹೊಸ ಹಲಗೆ ಕತ್ತರಿಸಿ, ಎಪಾಕ್ಸಿ ಬಳಿದು ಕೂರಿಸಿದೆವು. ಬೆರಳಿಗಂಟಿದ ಎಪಾಕ್ಸಿ ವಾರವಾದರೂ ಬಿಡಲಿಲ್ಲ. ಪ್ರಾಯಶ್ಚಿತ್ತ ಅಂದುಕೊಂಡಿದ್ದೆ; ಈಗ ನೋಡಿದರೆ ಮುಚ್ಚಿಡುವುದಕ್ಕೆ ಕಂತು ಕಟ್ಟಿದಂತೆ ಕಾಣುತ್ತದೆ. ಯಾಕೆಂದರೆ ಅವರು ತಮ್ಮ ಹೆಂಡತಿಗೆ ನನ್ನನ್ನು ಹೊಗಳುವುದು ಕೇಳಿಸಿತು, ಮತ್ತು ನನಗೆ ಖುಷಿಯಾಯಿತು. ನಾಚಿಕೆ ಆಮೇಲೆ ಬಂತು, ಅದೂ ಸ್ವಲ್ಪ.

ಹೇಳಬಹುದಿತ್ತು. ಈಗಲೂ ಬೇಲಿ ದಾಟಿದರೆ ಅವರ ಬಾಗಿಲು. ಸೀಳಿನ ಮಾತು ಹೇಳಿಯೇನು, ಕ್ಷಮಿಸಿಯಾರು. ಬಂಕಿನಲ್ಲಿ ನಿಲ್ಲಿಸಿದ್ದನ್ನು ಹೇಗೆ ಹೇಳಲಿ? ಅದನ್ನು ಬಿಟ್ಟು ಉಳಿದದ್ದು ಹೇಳಿದರೆ ಅದು ಇನ್ನೊಂದು ಸಲ ಕೋಲು ಕಟ್ಟಿ ತೋರಿಸಿದಂತೆ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಬರೆಯಲು ಕೂತಾಗ ಮನಸ್ಸಿನಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು.

ಮೊನ್ನೆ ಬೇಲಿಯ ಆಚೆಯಿಂದ ಕೂಗಿ ಕೇಳಿದರು, ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುತ್ತದೆ, ದೋಣಿ ಬೇಕಾ ಎಂದು.

ಬೇಕು ಅಂದೆ.